ಬದುಕಿದವರ ಬರ್ಫ

ಕಲಬುರಗಿಯೊಳಗ ಮೇ ತಿಂಗಳು.
ಬಾಗಿಲ ಚಿಲಕ ಮುಟ್ಟಿದ್ರ ಬೆರಳು ಚುರ್ ಅಂತಾವ.
ಹತ್ತಕ್ಕೇ ರಸ್ತಾ ಖಾಲಿ, ನಾಯಿ ಸುದ್ದಾ ಚರಂಡಿಯೊಳಗ.
ಅಂಥಾದ್ರಾಗ ನನ್ನ ಗಂಡನ ಕೈ ಠಂಡ.

ಇಪ್ಪತ್ತಾರು ಬ್ಯಾಸಗಿ ಹಿಂಗೇ.
ಬರ್ಫಿನ ಕಾರ್ಖಾನಿಯಿಂದ ಬಂದಾಂವ
ಚಪ್ಪಲಿ ಬಿಡೂಕಿಂತ ಮೊದಲ
ನನ್ನ ಕುತ್ತಿಗಿ ಹಿಂದ ಕೈ ಇಡಾಂವ.
ನಾ ಬೈತಿದ್ದೆ. ಸರಿತಿದ್ದಿಲ್ಲ.

ಅವತ್ತ ನಸುಕಿನ ನಾಕಕ್ಕ
ಉಪ್ಪುನೀರಿನ ಹೊಂಡದಿಂದ ಡಬ್ಬಿ ಎತ್ತೂವಾಗ
ಬಲಗೈಯಾಗಿನ ಕೊಕ್ಕಿ ತಾನೇ ಜಾರ್ತಂತ.
"ಬಾಯಿ ವಾರಿ ಆತು, ಮಾತು ಹೊಳ್ಳಲಿಲ್ಲ" ಅಂದ ಮೌಲಾಲಿ.
ಬರ್ಫ ಒಯ್ಯೂ ಅದೇ ಟಂಟಂದಾಗ
ಹಸಿ ಹೊಟ್ಟಿನ ಮ್ಯಾಲ ಮಲಗಿಸಿ ತಂದಿದ್ದ.

ಲಕ್ವಾ, ಅಂದ್ರು. ಮೆದುಳಿನ ನರದಾಗ ರಕ್ತ ಗಂಟು ಕಟ್ಟ್ಯದ.
ಗಂಟು ಕರಗಸೀವಿ, ಇನ್ನ ತಲಿ ತಂಪು ಮಾಡ್ತೀವಿ.
ಗಾಜಿನ ಆಚಿ ಕಂಡದ್ದು:
ತಲಿ ಸುತ್ತ, ಬಗಲಾಗ, ತೊಡಿ ಸಂದಿನ್ಯಾಗ
ನೀಲಿ ಚೀಲ, ನೀಲಿ ಚೀಲ.

ನಾ ಚೀರಿದೆ.
ಬರ್ಫಿನವನ ಹೆಂಡತಿಗಿ ಗೊತ್ತು
ಅಪರಾತ್ರಿ ಕಾರ್ಖಾನಿ ಬಾಗಿಲು ಬಡಿಯಾವರು ಯಾರಂತ.
ಮದುವಿ ಶರಬತ್ತಿನವರು ಹಗಲಿಗೇ ಬರ್ತಾರ, ಮೀನಿನವರು ನಸುಕಿಗಿ.
ರಾತ್ರಿ ಬರಾವರು ಚಿಲ್ಲರಿ ಎಣಸಂಗಿಲ್ಲ.
"ಮಗಳು ಸೋಲಾಪುರದಿಂದ ಬರೂತನಾ ಇರಬೇಕ್ರಿ" ಅಂತಾರ.
ಹೆಣದ ಬರ್ಫಿಗಿ ಇಂವಾ ಎಂದೂ
ಪೂರಾ ರೊಕ್ಕ ತಗೊಂಡಾಂವಲ್ಲ.

ಡಾಕ್ಟರ್ ಫರ್ಹಾನಾ, ಹುಮನಾಬಾದಿನಾಕಿ,
ನನ್ನ ಬಾಜೂಕ ಫರಸಿ ಮ್ಯಾಲೇ ಕುಂತಳು.
"ಇದು ಬದುಕಿದವರ ಬರ್ಫ ರೀ ಅಮ್ಮಾ.
ನಡುವಿನ ಒಂದಿಷ್ಟು ಮೆದುಳು ಹೋಗ್ಯದ, ಅದು ಬರಂಗಿಲ್ಲ.
ಸುತ್ತಿಂದು ಇನ್ನ ಉಸರಾಡ್ಲಕತ್ತದ. ಹಸದದ.
ತಂಪಿನ್ಯಾಗ ಹಸಿವು ಕಮ್ಮಿ,
ಸಿಕ್ಕಷ್ಟರಾಗೇ ದಿನ ದೂಡ್ತದ."
ಆಮ್ಯಾಲ, ನಾ ಕೇಳದಿದ್ರೂ ಹೇಳಿದಳು:
"ಖಾತ್ರಿ ಕೊಡಂಗಿಲ್ಲ. ಇದರಿಂದ ಎಷ್ಟು ಉಪಯೋಗಂತ
ದೊಡ್ಡ ದೊಡ್ಡವರೇ ಇನ್ನ ಹುಡುಕ್ಲಕತ್ತಾರ."

ಆ ಮಾತಿಗೇ ಆಕಿನ್ನ ನಂಬಿದೆ ನಾ.

ಬರ್ಫಿನ ಗಟ್ಟಿಯೊಳಗ ನಡುವ ಒಂದು ಬಿಳಿ ಎಳಿ ಇರ್ತದ,
ಕಡೀಕ ಹೆಪ್ಪುಗಟ್ಟಿದ್ದು. ಸುತ್ತ ಎಲ್ಲಾ ತಿಳಿ.
ಗರಗಸ ಹಚ್ಚೂವಾಗ ಆ ಎಳಿ ತಪ್ಪಸಾಂವ ಇಂವಾ.
ಒಡದ್ರ ಅಲ್ಲಿಂದೇ ಒಡೀತದ, ಅಂತಿದ್ದ.

ಹೊರಗ ನಲವತ್ನಾಕು. ಅವನ ಮೈಯೊಳಗ ಮೂವತ್ಮೂರು.
ನಡುಗಬಾರದಂತ ಅದಕ್ಕೊಂದು ಬ್ಯಾರೆ ಔಷಧ.
ಎಸ್ತರ್ ಸಿಸ್ಟರ್ ಐದು ನಿಮಿಷ ಒಳಗ ಬಿಟ್ಟಳು.
ಕೈ ಹಿಡದೆ.
ಠಂಡ ಇತ್ತು.
ಮನಿಗಿ ಬಂದಾನಂತ ತಿಳಕೊಂಡೆ.
ಖರೇನ, ಬೈಲಿಕ್ಕ ಬಾಯಿ ತೆರದಿದ್ದೆ.

ಮರುದಿನ ಬೆಚ್ಚಗ ಮಾಡ್ಲಕ ಸುರು. ತಾಸಿಗಿ ಕಾಲು ಡಿಗ್ರಿ.
ಅವಸರ ಮಾಡಿದ್ರ ಮೆದುಳು ಬಾತೀತಂತ.
ಇದನ್ನ ನನಗ ಹೇಳಬೇಕಾ?
ಬಿಸಿನೀರು ತಾಗಿದ ಗಟ್ಟಿ ಪಟ್ ಅಂತ ಸೀಳೂದು ನಾ ಕಂಡಿಲ್ಲಾ?
ಹೊಟ್ಟಿನ್ಯಾಗ ಸುತ್ತಿ, ಗೋಣಿತಟ್ಟು ಹೊಚ್ಚಿ, ನೆರಳಿಗಿಟ್ಟು
ಸಾವಕಾಶ ಕರಗ್ಸೂದು
ಇಂವಾ ಕಲಿಸಿದ್ದೇ ಅಲ್ಲೇನು?

ನಾಕನೇ ದಿನ ತುಟಿ ಆಡ್ತು.
"ನಲವತ್... ಎರಡು."
"ಹೌದು ಭೀಮಶಾ ಕಾಕಾ, ಇವತ್ತ ಬಿಸಿಲು ನಲವತ್ತೆರಡೇ"
ಅಂದಳು ಎಸ್ತರ್, ನಕ್ಕೋತ.
ಬಿಸಿಲಲ್ಲವ್ವಾ.
ಮೌಲಾಲಿ ಹೇಳಿದ್ದ: ಅವತ್ತ ಎತ್ತಿದ ಡಬ್ಬಿ ನಲವತ್ತೆರಡು.
ನಲವತ್ಮೂರನೇದು ಹೊಂಡದಾಗೇ ಉಳದಿತ್ತು.

ಜೂನ್ ಬಂತು, ಮನಿಗಿ ಬಂದೀವಿ.
ಮಾತು ನಾಕೈದು. ಬಾಕಿ ಕಣ್ಣಾಗ ಹುಡುಕಬೇಕು.
ಎಡಗೈ ಹಿಡೀತದ, ಬಲಗೈ ಹಿಡಿಯಂಗಿಲ್ಲ.
ಎರಡೂ ಬೆಚ್ಚಗಾವ.
ಚಪ್ಪಲಿ ನಾನೇ ಬಿಡಿಸಿ,
ಆ ಬಲಗೈ ಎತ್ತಿ ನನ್ನ ಕುತ್ತಿಗಿ ಹಿಂದ ಇಟ್ಕೋತೀನಿ.
ಬೆಚ್ಚನ ಕೈ ಇದು, ನನಗ ಪರಿಚಯ ಇಲ್ಲ.
ಬೈತೀನಿ, ಆದ್ರೂ.